ದುಬೈನಿಂದ ವಿಮಾನದಲ್ಲಿ ಬರುವ ನಾಯಿಮರಿಯನ್ನು ದಾವಣಗೆರೆಗೆ ಕರೆತರಬೇಕು, ತಯಾರಿ ಹೇಗೆ?

ವಿದ್ಯಾನಗರದ ಟೀಚರ್

ಎಲ್ಲರಿಗೂ ನಮಸ್ಕಾರ. ನಾನು ದಾವಣಗೆರೆಯವಳು, ಹೈಸ್ಕೂಲಿನಲ್ಲಿ ಗಣಿತ ಹೇಳಿಕೊಡುತ್ತೇನೆ. ನನ್ನ ತಮ್ಮ ಆರು ವರ್ಷ ದುಬೈನಲ್ಲಿದ್ದು ಈಗ ಕೆಲಸ ಬಿಟ್ಟು ಸಂಸಾರ ಸಮೇತ ಊರಿಗೆ ಮರಳುತ್ತಿದ್ದಾನೆ. ಜೊತೆಗೆ ಒಂದು ನಾಯಿಮರಿಯೂ ಬರುತ್ತಿದೆ.

ಐದು ತಿಂಗಳ ಹೆಣ್ಣುಮರಿ. ಅವರ ಅಪಾರ್ಟ್‌ಮೆಂಟಿನ ಹಿಂದೆ ಕಟ್ಟಡದ ಕೆಲಸ ನಡೆಯುವ ಕಡೆ ಸಿಕ್ಕಿದ್ದು. ಉದ್ದ ಕಾಲು, ಸಣಕಲು ಮೈ. ತಮ್ಮನ ಮಗಳಿಗೆ 11 ವರ್ಷ. ಅವಳು ಮರಿಯ ಬಣ್ಣ ನೋಡಿ 'ಡೇಟ್ಸ್' ಅಂತ ಹೆಸರಿಟ್ಟಳು. ನಮ್ಮ ಅವ್ವ ಫೋನಿನಲ್ಲಿ ಕೇಳಿ ಆಗಲೇ 'ಕರ್ಜೂರಿ' ಮಾಡಿಕೊಂಡಿದ್ದಾಳೆ.

ತಮ್ಮ, ಮಗಳು ಬುಧವಾರ ರಾತ್ರಿ ಬೆಂಗಳೂರಿಗೆ ಇಳಿಯುತ್ತಾರೆ. ಮರಿ ಬರುವುದು ಗುರುವಾರ ಬೆಳಗಿನ ವಿಮಾನದಲ್ಲಿ, ಕಾರ್ಗೋ ಆಗಿ. ಅವರು ಬರುವ ವಿಮಾನದಲ್ಲಿ ನಾಯಿಯನ್ನು ಲಗೇಜಿನ ಜೊತೆ ತಗೊಳ್ಳುವುದಿಲ್ಲವಂತೆ. ತಮ್ಮನ ಹೆಂಡತಿ ಅಲ್ಲಿಯ ಮನೆ ಖಾಲಿ ಮಾಡಲು ಒಂದು ವಾರ ಉಳಿಯುತ್ತಾಳೆ. ಮರಿಯನ್ನು ವಿಮಾನಕ್ಕೆ ಒಪ್ಪಿಸುವುದೂ ಅವಳೇ. "ಅಕ್ಕಾ, ಕಾಗದದ ಕೆಲಸ ನನಗೆ ಬಿಡು, ಕಾರು ಮತ್ತು ಮನೆ ನೀನು ನೋಡಿಕೋ" ಅಂದಿದ್ದಾನೆ ತಮ್ಮ. ಬೆಂಗಳೂರಲ್ಲಿ ಮನೆ ಸಿಗುವವರೆಗೆ ಮರಿ ನಮ್ಮ ಹತ್ತಿರವೇ ಇರುತ್ತದೆ.

ನಮಗೆ ನಾಯಿ ಹೊಸದಲ್ಲ. ಕರಿಯ ಅಂತ ಒಬ್ಬ 11 ವರ್ಷ ನಮ್ಮ ಮನೆಯಲ್ಲಿದ್ದ. ಆದರೆ ಅವನು ಒಂದು ಮಳೆಗಾಲದಲ್ಲಿ ತಾನಾಗಿ ಗೇಟಿನೊಳಗೆ ನಡೆದು ಬಂದವನು. ಇವಳನ್ನು ನಾವು ಸಮುದ್ರದ ಆಚೆಯಿಂದ ಕರೆಸಿಕೊಳ್ಳುತ್ತಿದ್ದೇವೆ. ಕತ್ತಲೆ ಪೆಟ್ಟಿಗೆಯಲ್ಲಿ ಒಂದೇ ಬರುತ್ತದೆ. ಅದನ್ನು ನೆನೆದರೆ ರಾತ್ರಿ ನಿದ್ದೆ ಬರುವುದಿಲ್ಲ.

ನಮ್ಮದು ಸ್ವಿಫ್ಟ್ ಕಾರು, ಯಜಮಾನರು ಓಡಿಸುತ್ತಾರೆ. ವಿಮಾನ ಇಳಿದ ಮೇಲೆ ಮರಿ ಕೈಗೆ ಸಿಗಲು ಎಷ್ಟು ಹೊತ್ತು ಬೇಕು? ಎಲ್ಲಿ ಕಾಯಬೇಕು? ಆಮೇಲೆ 260 ಕಿಲೋಮೀಟರ್ ದಾರಿ, ಅದೂ ಯುಗಾದಿ ಹತ್ತಿರದ ಬಿಸಿಲು. ಒಂದೇ ದಿನ ಇಷ್ಟು ಪ್ರಯಾಣ ತಡೆಯುತ್ತದಾ? ಇನ್ನೊಂದು ವಿಷಯ. ನಮ್ಮದು ಲಿಂಗಾಯತರ ಮನೆ, ಒಳಗೆ ಮೊಟ್ಟೆಯೂ ಬರುವುದಿಲ್ಲ. ಕರಿಯ ಅನ್ನ ಹಾಲು, ರೊಟ್ಟಿ ತಿಂದೇ ಬೆಳೆದ. ಇವಳಿಗೂ ಅಷ್ಟೇ ಸಾಕಾ? ಅನುಭವ ಇದ್ದವರು ದಯವಿಟ್ಟು ಹೇಳಿ.

ಹರಿಹರ ಹುಡುಗ

ಮೇಡಂ, ತಪ್ಪು ತಿಳಿಯಬೇಡಿ, ಮೊದಲು ಒಂದು ಕೇಳುತ್ತೇನೆ. ಮರಿ ಕಳಿಸುತ್ತಿರುವುದು ನಿಮ್ಮ ತಮ್ಮನೇನಾ? ಆನ್‌ಲೈನಿನಲ್ಲಿ ಯಾರಿಂದಲೋ ಕೊಂಡಿದ್ದಲ್ಲ ಅಲ್ವಾ?

ನಾನು ಎರಡು ವರ್ಷದ ಹಿಂದೆ ಮೋಸ ಹೋದೆ. ವಿದೇಶದಿಂದ ಹಸ್ಕಿ ಮರಿ ಕಳಿಸುತ್ತೇವೆ ಅಂದರು. ಫೋಟೋ, ವಿಡಿಯೋ ಎಲ್ಲಾ ಬಂತು. 15 ಸಾವಿರ ಅಡ್ವಾನ್ಸ್ ಕಟ್ಟಿದೆ. ಆಮೇಲೆ "ಮರಿ ಏರ್‌ಪೋರ್ಟಿಗೆ ಬಂದಿದೆ, ಕಸ್ಟಮ್ಸ್ ಹಿಡಿದಿದೆ" ಅಂತ 18 ಸಾವಿರ ಕೇಳಿದರು. ಅದನ್ನೂ ಕಟ್ಟಿದೆ. ಮೂರನೇ ಸಲ ಎಸಿ ಪೆಟ್ಟಿಗೆಗೆ, ವಿಮೆಗೆ ಅಂತ 22 ಸಾವಿರ. ಮರಿ ತಲುಪಿದ ಮೇಲೆ ವಾಪಸ್ ಕೊಡುತ್ತೇವೆ ಅಂದರು. ಮರಿ ಉಸಿರಾಡಲು ಕಷ್ಟಪಡುತ್ತಿದೆ ಅಂತ ಹೇಳಿದಾಗ ನಾನು ಯೋಚನೆ ಮಾಡಲಿಲ್ಲ, ಕಟ್ಟಿಬಿಟ್ಟೆ. ಅಮ್ಮನನ್ನು ಕರೆದುಕೊಂಡು ರಾತ್ರಿ ಬಸ್ಸಿಗೆ ಹೋದೆ. ಕಾರ್ಗೋ ಗೇಟಿನಲ್ಲಿ ಬಿಲ್ ನಂಬರ್ ತೋರಿಸಿದರೆ ಅಂಥ ನಂಬರೇ ಇಲ್ಲ ಅಂದರು. ಒಟ್ಟು 55 ಸಾವಿರ ಹೋಯಿತು. ದುಡ್ಡಿಗಿಂತ, ಅಮ್ಮ ಮರಿಗೆ ಹೊದಿಸಲು ತನ್ನ ಹಳೇ ಸೀರೆ ಮಡಿಸಿ ತಂದಿದ್ದಳು, ಅದು ಇವತ್ತಿಗೂ ನನಗೆ ನೋವು.

ನಿಮಗೆ ಇದು ಬೇಡವಿರಬಹುದು. ಇದನ್ನು ಓದುವ ಬೇರೆಯವರಿಗೆ ಬೇಕಾಗಬಹುದು ಅಂತ ಬರೆದೆ.

ವಿದ್ಯಾನಗರದ ಟೀಚರ್

ಓದಿ ಹೊಟ್ಟೆ ಉರಿಯಿತು ತಮ್ಮಾ. ಅಮ್ಮನಿಗೆ ನನ್ನ ನಮಸ್ಕಾರ ಹೇಳಿ. ನಮ್ಮದು ಹಾಗಲ್ಲ, ಮರಿ ತಮ್ಮನ ಮನೆಯಲ್ಲೇ ಇದೆ. ನಿನ್ನೆ ವಿಡಿಯೋ ಕಾಲಿನಲ್ಲಿ ಅವ್ವನ ಧ್ವನಿ ಕೇಳಿ ಕಿವಿ ನಿಮಿರಿಸಿತು.

ಜಗಳೂರು ಕಡೆಯವನು

ಅಕ್ಕಾ, ನಾನು ದೇವನಹಳ್ಳಿಯಲ್ಲಿ ಕಾರ್ಗೋ ಕ್ಲಿಯರಿಂಗ್ ಕೆಲಸದಲ್ಲಿ ಕೆಲವು ವರ್ಷ ಇದ್ದೆ. ಗೊತ್ತಿರುವಷ್ಟು ಹೇಳುತ್ತೇನೆ.

ಹರಿಹರದ ಅಣ್ಣ ಹೇಳಿದ್ದಕ್ಕೆ ಒಂದು ಮಾತು ಸೇರಿಸುತ್ತೇನೆ. 2013ರಿಂದ ಹೊರದೇಶದ ನಾಯಿಯನ್ನು ಸುಮ್ನೆ ಕೊಂಡು ತರಿಸಿಕೊಳ್ಳುವ ಹಾಗಿಲ್ಲ. ಎರಡು ವರ್ಷ ಹೊರಗಿದ್ದು ವಾಸ ಬದಲಿಸಿ ಬರುವವರು ತಮ್ಮ ಸಾಕುಪ್ರಾಣಿ ತರಬಹುದು, ಒಬ್ಬರಿಗೆ ಎರಡರವರೆಗೆ. ಹಾಗಾಗಿ ಫೋನಿನಲ್ಲಿ "ಇಂಪೋರ್ಟ್ ಮರಿ, ಮನೆಗೆ ಡೆಲಿವರಿ" ಅಂದರೆ ಅಲ್ಲೇ ಅನುಮಾನ ಪಡಬೇಕು. ನಿಮ್ಮ ತಮ್ಮ ಆರು ವರ್ಷ ಇದ್ದವರು, ಅವರಿಗೆ ತೊಂದರೆ ಇಲ್ಲ. ಆದರೆ ಅವರೇ ಇರಬೇಕು, ಅವರ ಪಾಸ್‌ಪೋರ್ಟ್ ಇರಬೇಕು. ಒಂದು ದಿನ ಮೊದಲೇ ಬರುತ್ತಿರುವುದು ಒಳ್ಳೆಯದಾಯಿತು.

ಎಲ್ಲ ಏರ್‌ಪೋರ್ಟಿನಲ್ಲೂ ವಿದೇಶದ ನಾಯಿ ಇಳಿಸುವುದಿಲ್ಲ. ಪ್ರಾಣಿ ಕ್ವಾರಂಟೈನ್ ಕಚೇರಿ ಇರುವ ಕಡೆ ಮಾತ್ರ. ಶಿವಮೊಗ್ಗ, ಹುಬ್ಬಳ್ಳಿ ನಿಮಗೆ ಹತ್ತಿರ ನಿಜ, ಆದರೆ ಇಳಿಸಬೇಕಾದ್ದು ಬೆಂಗಳೂರಿಗೇ. ಆ ಕಚೇರಿಯ ಒಪ್ಪಿಗೆ ಪತ್ರ, ಅಂದರೆ ಎನ್‌ಒಸಿ ಮರಿ ದುಬೈನಿಂದ ಹೊರಡುವ ಮೊದಲೇ ಕೈಯಲ್ಲಿರಬೇಕು. ಅದರ ಜೊತೆ ಮೈಕ್ರೋಚಿಪ್ (ಗುರುತಿಗೆ ಚರ್ಮದಡಿ ಹಾಕುವ ಸಣ್ಣ ಚಿಪ್) ನಂಬರ್, ಲಸಿಕೆ ಪುಸ್ತಕ, ಅಲ್ಲಿಯ ಸರ್ಕಾರಿ ಪಶುವೈದ್ಯರ ಹೆಲ್ತ್ ಸರ್ಟಿಫಿಕೇಟ್. ರೇಬೀಸ್ ಲಸಿಕೆ ಹಾಕಿ ಒಂದು ತಿಂಗಳಾದರೂ ಕಳೆದಿರಬೇಕು, ಒಂದು ವರ್ಷ ದಾಟಿರಬಾರದು. ಎಲ್ಲ ಕಾಗದದಲ್ಲೂ ಚಿಪ್ ನಂಬರ್ ಒಂದೇ ಇದೆಯಾ ಅಂತ ಒಂದೊಂದು ಅಂಕಿ ಓದಿ ನೋಡಲು ತಮ್ಮನಿಗೆ ಹೇಳಿ. 15 ಅಂಕಿ ಇರುತ್ತದೆ. ಒಂದು ಅಂಕಿ ತಪ್ಪಿ ಬರೆದದ್ದಕ್ಕೆ ಒಂದು ಬೆಕ್ಕು ಸಂಜೆವರೆಗೆ ಒಳಗೇ ಉಳಿದದ್ದನ್ನು ನಾನು ಕಣ್ಣಾರೆ ನೋಡಿದ್ದೇನೆ.

ಈಗ ನಿಮ್ಮ ಪ್ರಶ್ನೆ. ನೀವು ಹೋಗಬೇಕಾದ್ದು ಪ್ರಯಾಣಿಕರ ಟರ್ಮಿನಲ್‌ಗೆ ಅಲ್ಲ, ಕಾರ್ಗೋ ಕಟ್ಟಡಕ್ಕೆ. ಅದು ಬೇರೆ ಕಡೆ ಇದೆ. ಯಾವ ಕಟ್ಟಡ, ಯಾವ ಗೇಟ್ ಅಂತ ಮರಿ ಬಿಡಿಸಿಕೊಡುವ ಕ್ಲಿಯರಿಂಗ್ ಏಜೆಂಟನ್ನು ಹಿಂದಿನ ದಿನವೇ ಕೇಳಿ ಲೊಕೇಶನ್ ತರಿಸಿಕೊಳ್ಳಿ. ಏರ್‌ಲೈನ್‌ನವರಿಂದ ಡೆಲಿವರಿ ಆರ್ಡರ್, ಅಂದರೆ ಮರಿ ಕೊಡಬಹುದು ಅನ್ನುವ ಚೀಟಿ ಆಗಬೇಕು. ಕ್ವಾರಂಟೈನ್ ವೈದ್ಯರು ಮರಿ ನೋಡಿ ಚಿಪ್ ಓದಬೇಕು. ಕಸ್ಟಮ್ಸ್ ಆಗಬೇಕು. ಆಮೇಲೆ ಟರ್ಮಿನಲ್ ಹಣ ಕಟ್ಟಿ ಗೇಟ್ ಪಾಸ್. ಎಲ್ಲ ಸರಿ ಇದ್ದರೂ ನಾಲ್ಕೈದು ಗಂಟೆ ಹಿಡಿಯುತ್ತದೆ ಅಂತ ಮನಸ್ಸು ಗಟ್ಟಿ ಮಾಡಿಕೊಂಡು ಹೋಗಿ. ಒಳಗೆ ಎಲ್ಲರನ್ನೂ ಬಿಡುವುದಿಲ್ಲ, ಮಗುವಿಗೆ ಮೊದಲೇ ಹೇಳಿಡಿ. ವಾರದ ದಿನ ಬೆಳಗ್ಗೆ ಇಳಿಯುವುದು ನಿಮ್ಮ ಪುಣ್ಯ. ಶನಿವಾರ ರಾತ್ರಿ ಆಗಿದ್ದರೆ ನಾನು ತಾರೀಕು ಬದಲಿಸಿ ಅಂತಲೇ ಹೇಳುತ್ತಿದ್ದೆ.

ದಾರಿಗೆ ಒಂದು ಸಲಹೆ. ನೆಲಮಂಗಲದವರೆಗೆ ಹೋಗಿ ಬೆಂಗಳೂರು ಟ್ರಾಫಿಕ್ಕಿಗೆ ಬೀಳಬೇಡಿ. ತುಮಕೂರು ದಾಟಿ ಡಾಬಸ್‌ಪೇಟೆಯಲ್ಲಿ ಎಡಕ್ಕೆ ಹೊರಳಿ. ದೊಡ್ಡಬಳ್ಳಾಪುರದ ಮೇಲೆ ನೇರ ದೇವನಹಳ್ಳಿ. ಬರುವಾಗಲೂ ಅದೇ ದಾರಿ.

ದುರ್ಗದ ಮೇಷ್ಟ್ರು

ಟೀಚರಮ್ಮಾ, ನಾನೂ ನಿವೃತ್ತ ಮೇಷ್ಟ್ರು, ಚಿತ್ರದುರ್ಗದವನು. 2019ರಲ್ಲಿ ನನ್ನ ಮಗ ಸಿಂಗಪುರದಿಂದ ವಾಪಸ್ ಬಂದಾಗ ಅವನ ಬೀಗಲ್ ಮರಿ ತರಲು ನಾನೇ ಹೋಗಿದ್ದೆ. ಕಾಗದದಲ್ಲಿ ಒಂದು ತಪ್ಪೂ ಇರಲಿಲ್ಲ. ತಪ್ಪಾದದ್ದು ನನ್ನ ಕಾರಿನ ಹತ್ತಿರ.

ಪೆಟ್ಟಿಗೆ ಎಷ್ಟು ದೊಡ್ಡದು ಅಂತ ನಾನು ಕೇಳಿರಲೇ ಇಲ್ಲ. ಹೊರಗೆ ತಂದ ಮೇಲೆ ನೋಡಿದರೆ ನಮ್ಮ ವ್ಯಾಗನ್ ಆರ್ ಬಾಗಿಲಲ್ಲಿ ಅದು ತೂರುವುದೇ ಇಲ್ಲ. ಬಿಸಿಲು ಏರಿತ್ತು. ಮರಿಯನ್ನು ಹೊರಗೆ ತೆಗೆದು ಮಡಿಲಲ್ಲಿ ಇಟ್ಟುಕೊಂಡು ಹೋಗೋಣ ಅಂದೆ. ಪಾರ್ಕಿಂಗಿನಲ್ಲೇ ಪೆಟ್ಟಿಗೆ ಬಾಗಿಲು ತೆಗೆದೆವು. ಕೊರಳಿನ ಪಟ್ಟಿ ಸಡಿಲ ಇತ್ತು. ಲಾರಿಯೊಂದು ಹಾರ್ನ್ ಹೊಡೆಯಿತು. ಮರಿ ತಲೆ ಹಿಂದಕ್ಕೆ ಎಳೆಯಿತು, ಪಟ್ಟಿ ನನ್ನ ಕೈಯಲ್ಲಿ ಉಳಿಯಿತು. ಒಂದು ಗಂಟೆ ನಲವತ್ತು ನಿಮಿಷ ಹುಡುಕಿದೆವು. ನಿಂತಿದ್ದ ಟ್ರೈಲರ್ ಅಡಿಯಲ್ಲಿ ಸಿಕ್ಕಿತು. ಆ ಟ್ರೈಲರ್ ಹೊರಟಿದ್ದರೆ? ನನ್ನ ಮಗ ಇವತ್ತಿಗೂ ಅದರ ಬಗ್ಗೆ ಒಂದು ಮಾತು ಆಡಿಲ್ಲ. ಆದರೆ ಅವತ್ತಿನ ಅವನ ಮುಖ ನಾನು ಮರೆತಿಲ್ಲ.

ಅದಕ್ಕೇ ಕೈ ಮುಗಿದು ಹೇಳುತ್ತೇನೆ. ಬಯಲಿನಲ್ಲಿ ಪೆಟ್ಟಿಗೆ ಬಾಗಿಲು ತೆಗೆಯಬೇಡಿ. ಎಷ್ಟೇ ಅಳಲಿ, ಮಗು ಎಷ್ಟೇ ಹಠ ಮಾಡಲಿ. ಪೆಟ್ಟಿಗೆ ಸಮೇತ ಕಾರೊಳಗೆ ಇಟ್ಟು, ನಾಲ್ಕೂ ಬಾಗಿಲು ಹಾಕಿ, ಎಸಿ ಹಚ್ಚಿ, ಆಮೇಲೆ ತೆಗೆಯಿರಿ. ಕೈ ಒಳಗೆ ಹಾಕಿ ಮೊದಲು ಎದೆಪಟ್ಟಿ ತೊಡಿಸಿ, ಬರೀ ಕೊರಳಪಟ್ಟಿ ನಂಬಬೇಡಿ. ಬಾಗಿಲಿಗೆ ಪ್ಲಾಸ್ಟಿಕ್ ಟೈ ಬಿಗಿದಿರುತ್ತಾರೆ, ಕತ್ತರಿಸಲು ಕಟಿಂಗ್ ಪ್ಲೇಯರ್ ಇಟ್ಟುಕೊಳ್ಳಿ. ಪೆಟ್ಟಿಗೆಯ ಮೇಲಿನ ಅರ್ಧ, ಕೆಳಗಿನ ಅರ್ಧ ನಟ್ಟು ಬೋಲ್ಟಿನಿಂದ ಕೂಡಿಸಿರುತ್ತಾರೆ, ಅದಕ್ಕೆ ಒಂದು ಸ್ಪ್ಯಾನರ್. ಮತ್ತೆ ಇವತ್ತೇ ತಮ್ಮನಿಗೆ ಫೋನ್ ಮಾಡಿ ಪೆಟ್ಟಿಗೆಯ ಉದ್ದ, ಅಗಲ, ಎತ್ತರ ಕೇಳಿ. ಟೇಪ್ ಹಿಡಿದು ಕಾರಿನ ಬಾಗಿಲು ಅಳೆಯಿರಿ. ಒಳಗಿನ ಜಾಗ ಅಲ್ಲ, ಬಾಗಿಲಿನ ಬಾಯಿ.

ವಿದ್ಯಾನಗರದ ಟೀಚರ್

ಮೇಷ್ಟ್ರೇ, ನಿಮ್ಮದು ಓದಿ ತಕ್ಷಣ ಫೋನ್ ಮಾಡಿದೆ. ಪೆಟ್ಟಿಗೆ 90 ಸೆಂಟಿಮೀಟರ್ ಉದ್ದ, 60 ಅಗಲ, 66 ಎತ್ತರ. ಇಷ್ಟು ದೊಡ್ಡದು ಯಾಕೆ ಅಂದರೆ ತಮ್ಮ ಲೆಕ್ಕ ಕಳಿಸಿದ. ವಿಮಾನ ಸಂಸ್ಥೆಗಳ ಒಕ್ಕೂಟ ಐಎಟಿಎ ಮಾಡಿದ ಸೂತ್ರವಂತೆ. ಮೂಗಿನಿಂದ ಬಾಲದ ಬುಡದವರೆಗಿನ ಉದ್ದಕ್ಕೆ, ನೆಲದಿಂದ ಮೊಣಕೈವರೆಗಿನ ಎತ್ತರದ ಅರ್ಧ ಕೂಡಬೇಕು. ಅದು ಪೆಟ್ಟಿಗೆಯ ಉದ್ದ. ಭುಜದ ಅಗಲದ ಎರಡರಷ್ಟು ಪೆಟ್ಟಿಗೆಯ ಅಗಲ. ನಿಂತಾಗ ತಲೆಯ ತುದಿವರೆಗಿನ ಎತ್ತರಕ್ಕೆ ಹಾಸಿಗೆಯ ದಪ್ಪ ಸೇರಿಸಿದರೆ ಪೆಟ್ಟಿಗೆಯ ಎತ್ತರ. ಕರ್ಜೂರಿ 66, ಮೊಣಕೈ 28. ಅಂದರೆ 66ಕ್ಕೆ 14 ಕೂಡಿದರೆ 80. ಭುಜ 19, ಎರಡರಷ್ಟು 38. ಎತ್ತರ 52, ಅದರ ಮೇಲೆ ಹಾಸಿಗೆ. ಪೆಟ್ಟಿಗೆ ಸಾಕಾಗುತ್ತದೆ, ಅವಳು ಎದ್ದು ನಿಲ್ಲಬಹುದು, ತಿರುಗಬಹುದು. ಅದನ್ನು ಎರಡು ಸಲ ಲೆಕ್ಕ ಮಾಡಿದ ಮೇಲೆ ನನಗೆ ಸ್ವಲ್ಪ ಸಮಾಧಾನ ಆಯಿತು. ಕತ್ತಲೆಯಲ್ಲಿದ್ದರೂ ಮುದುಡಿ ಕೂರುವುದಿಲ್ಲ ಅಲ್ವಾ.

ಸ್ವಿಫ್ಟಿನ ಬಾಯಿ ಅಳೆದೆವು, ಆಗುವುದಿಲ್ಲ. ಪಕ್ಕದ ಮನೆಯವರ ಎರ್ಟಿಗಾ ಕೇಳಿದ್ದೇವೆ. ಹಿಂದಿನ ಸಾಲು ಮಡಿಸಿದರೆ ಪೆಟ್ಟಿಗೆ ಕೂರುತ್ತದೆ, ನಾವು ನಾಲ್ಕು ಜನವೂ ಹಿಡಿಯುತ್ತೇವೆ. ಊಟದ ವಿಷಯ ಯಾರಾದರೂ ಹೇಳುತ್ತೀರಾ?

ಹೊನ್ನಾಳಿ ಪಶುವೈದ್ಯ

ನಾನು ಸರ್ಕಾರಿ ಪಶು ಆಸ್ಪತ್ರೆಯಲ್ಲಿ ಕೆಲಸ ಮಾಡಿ ನಿವೃತ್ತನಾದವನು. ತಾಯಿ, ಮೊದಲು ಒಂದು ಮಾತು. ಪ್ರಯಾಣಕ್ಕೆ ಅಂತ ಮರಿಗೆ ನಿದ್ದೆ ಮಾತ್ರೆ ಕೊಡಲು ಬಿಡಬೇಡಿ. ಮತ್ತಿನಲ್ಲಿ ರಕ್ತದೊತ್ತಡ ಇಳಿಯುತ್ತದೆ, ಉಸಿರಾಟ ಕುಗ್ಗುತ್ತದೆ, ಮೈ ಶಾಖ ಹಿಡಿತದಲ್ಲಿ ಇರುವುದಿಲ್ಲ. ಮೇಲೆ ನೋಡಿಕೊಳ್ಳಲು ಯಾರೂ ಇರುವುದಿಲ್ಲ. ಅದರ ಬದಲು ಈಗಿನಿಂದಲೇ ಪೆಟ್ಟಿಗೆ ಬಾಗಿಲು ತೆರೆದಿಟ್ಟು ಅದರಲ್ಲೇ ಊಟ ಹಾಕಲಿ, ಅದರಲ್ಲೇ ಮಲಗಿಸಲಿ. ಹೊರಡುವ ದಿನ ಆ ಮಗು ತೊಟ್ಟು ಬಿಟ್ಟ ಒಂದು ಬಟ್ಟೆ ಒಳಗೆ ಹಾಸಲಿ, ತೊಳೆಯದೇ. ನೀರಿನ ಬಟ್ಟಲನ್ನು ಫ್ರಿಜ್ಜಿನಲ್ಲಿ ಹೆಪ್ಪುಗಟ್ಟಿಸಿ ಸಿಕ್ಕಿಸಿದರೆ ಎತ್ತಿ ಇಳಿಸುವಾಗ ಚೆಲ್ಲುವುದಿಲ್ಲ, ನಿಧಾನ ಕರಗುತ್ತದೆ.

ನಿಮ್ಮ ಕೈಗೆ ಬಂದ ಮೇಲೆ ಮೊದಲು ನೀರು, ಸ್ವಲ್ಪ ಸ್ವಲ್ಪ. ಅರ್ಧ ಗಂಟೆ ಬಿಟ್ಟು ಒಂದು ಹಿಡಿ ಊಟ. ಹೊಟ್ಟೆ ತುಂಬ ಹಾಕಿ ಕಾರು ಹತ್ತಿಸಿದರೆ ಡಾಬಸ್‌ಪೇಟೆ ಬರುವುದರೊಳಗೆ ವಾಂತಿ ಆಗುತ್ತದೆ. ಕಾರು ಪ್ರಯಾಣ ತಡೆಯುತ್ತದಾ ಅಂದಿರಿ. ವಿಮಾನ ನಾಲ್ಕು ಗಂಟೆ ಆದರೂ ಮುಂಚೆ ಒಪ್ಪಿಸಿ ಆಮೇಲೆ ಬಿಡಿಸುವುದೆಲ್ಲ ಸೇರಿ ಅದಕ್ಕೆ ಅರ್ಧ ದಿನದ ಮೇಲಾಗಿರುತ್ತದೆ. ಚುರುಕಾಗಿದ್ದರೆ ಹೊರಡಿ. ಮಂಕಾಗಿದ್ದರೆ ದೇವನಹಳ್ಳಿಯಲ್ಲೇ ಒಂದು ರಾತ್ರಿ ಇದ್ದುಬಿಡಿ, ಹಬ್ಬ ಕಾಯುತ್ತದೆ.

ದಾರಿಯಲ್ಲಿ ಟೀ ಕುಡಿಯಲು ನಿಂತಾಗ ಮರಿಯನ್ನು ಕಾರಿನಲ್ಲಿ ಬಿಟ್ಟು ಹೋಗಬೇಡಿ, ಐದು ನಿಮಿಷಕ್ಕೂ ಬೇಡ. ನಾಯಿಗೆ ನಮ್ಮ ಹಾಗೆ ಮೈ ಬೆವರುವುದಿಲ್ಲ, ಏದುಸಿರಿನಲ್ಲೇ ಶಾಖ ಕಳೆಯಬೇಕು. ಅದರ ಮಾಮೂಲಿ ಶಾಖವೇ ಹೆಚ್ಚುಕಡಿಮೆ 101ರಿಂದ 102.5 ಡಿಗ್ರಿ ಫ್ಯಾರನ್‌ಹೀಟ್. 104 ದಾಟಿದರೆ ಅಪಾಯ. ಜೊಲ್ಲು ಸುರಿಸಿ ತೂರಾಡಿದರೆ ಮಾಮೂಲಿ ತಣ್ಣೀರು ಮೈಗೆ ಸುರಿದು ಗಾಳಿ ಹಾಕುತ್ತಾ ಹತ್ತಿರದ ಆಸ್ಪತ್ರೆಗೆ ಓಡಿ.

ಇನ್ನು ಊಟ. ಬೆಳೆಯುವ ಮರಿಗೆ ಅನ್ನ ಹಾಲು ಸಾಲದು, ಮೂಳೆಗೆ ಸ್ನಾಯುವಿಗೆ ಬಲ ಬೇಕು. ಹಾಲು ಕೆಲವಕ್ಕೆ ಭೇದಿಯನ್ನೂ ತರುತ್ತದೆ. ಈಗ ಅದು ಏನು ತಿನ್ನುತ್ತಿದೆಯೋ ಅದೇ ಒಣ ಆಹಾರ ಇಲ್ಲಿಯೂ ಸಿಗುತ್ತದಾ ನೋಡಿ, ಮೊದಲ ವಾರ ಅದನ್ನೇ ಕೊಡಿ. ಬದಲಿಸುವುದಾದರೆ ಏಳರಿಂದ ಹತ್ತು ದಿನ ಬೆರೆಸುತ್ತಾ ಬದಲಿಸಿ. ಅದರಲ್ಲಿ ಮಾಂಸದ ಅಂಶ ಇರುತ್ತದೆ. ನಿಮ್ಮ ತಾಯಿಯವರಿಗೆ ಮುಚ್ಚಿಡಬೇಡಿ, ಹೇಳಿ. ಒಲೆ ಮೇಲೆ ಇಡುವಂಥದ್ದಲ್ಲ, ಡಬ್ಬಿ ಹಿತ್ತಲಲ್ಲೇ ಇರಬಹುದು. ನನ್ನ ಅನುಭವದಲ್ಲಿ ಹಿರಿಯರಿಗೆ ಪ್ರಾಣಿಯ ಹಸಿವು ಬಿಡಿಸಿ ಹೇಳಿದರೆ ಅರ್ಥ ಆಗುತ್ತದೆ. ಈರುಳ್ಳಿ, ದ್ರಾಕ್ಷಿ, ಚಾಕೊಲೇಟ್ ಮಾತ್ರ ಯಾರೂ ಪ್ರೀತಿಗೂ ಹಾಕಬಾರದು. ಬೆಣ್ಣೆ ದೋಸೆ ಪಲ್ಯದಲ್ಲಿ ಈರುಳ್ಳಿ ಇರುತ್ತದೆ, ನೆನಪಿರಲಿ.

ನಮ್ಮ ಕಡೆ ವರ್ಷವಿಡೀ ರಕ್ತ ಹೀರುವ ಉಣ್ಣೆ ಹುಳದ ಕಾಟ. ಅದರಿಂದ ಬರುವ ಜ್ವರ ಕೆಟ್ಟದ್ದು. ಬಂದ ಎರಡು ಮೂರು ದಿನದಲ್ಲಿ ವೈದ್ಯರಿಗೆ ತೋರಿಸಿ ಉಣ್ಣೆಗೆ ಔಷಧ ಬರೆಸಿಕೊಳ್ಳಿ. ಕಿವಿಯ ಒಳಗೆ, ಬೆರಳ ಸಂದಿಯಲ್ಲಿ ದಿನಾ ನೋಡಿ. ಊಟ ಬಿಟ್ಟು ಒಸಡು ಬಿಳಿಚಿಕೊಂಡರೆ ಕಾಯಬೇಡಿ.

ವಿದ್ಯಾನಗರದ ಟೀಚರ್

ಬಂದಳು! ನಿಮಗೆಲ್ಲ ಹೇಳದೆ ಇರಲಾರೆ.

ಬೆಳಗಿನ ಜಾವ ಮೂರಕ್ಕೆ ಹೊರಟೆವು. ಹೆಬ್ಬಾಳು ಟೋಲ್ ದಾಟುವಾಗ ಇನ್ನೂ ಕತ್ತಲು. ಹಿರಿಯೂರಿನಲ್ಲಿ ಟೀ. ಎಂಟೂವರೆಗೆ ಕಾರ್ಗೋ ಗೇಟಿನ ಹತ್ತಿರ ಇದ್ದೆವು. ತಮ್ಮ ಏಜೆಂಟಿನ ಜೊತೆ ಒಳಗೆ ಹೋದ. ಹತ್ತಾಯಿತು, ಹನ್ನೆರಡಾಯಿತು. ತಮ್ಮನ ಮಗಳು ಒಂದು ತುತ್ತು ತಿನ್ನಲಿಲ್ಲ. "ಅತ್ತೇ, ಅವಳಿಗೆ ನಾವು ಬಿಟ್ಟುಬಿಟ್ವಿ ಅನ್ಸಿರುತ್ತಾ?" ಅಂದಳು. ನನಗೆ ಉತ್ತರ ಹೊಳೆಯಲಿಲ್ಲ, ಕೈ ಹಿಡಿದು ಕೂತೆ.

ಮಧ್ಯಾಹ್ನ 1.50ಕ್ಕೆ ತಳ್ಳುಗಾಡಿಯಲ್ಲಿ ಪೆಟ್ಟಿಗೆ ಬಂತು. ಮರಿ ಕಾಣುವ ಮೊದಲು ಬಾಲ ಪೆಟ್ಟಿಗೆಗೆ ಬಡಿಯುವ ಸದ್ದು ಕೇಳಿತು. ಮಗು ಓಡಿಹೋಗಿ ಜಾಲರಿಗೆ ಬೆರಳು ತೂರಿಸಿದಳು. ನಾನೂ ತೆಗೆದುಬಿಡೋಣ ಅಂತ ಕೈ ಹಾಕುವವಳೇ ಇದ್ದೆ, ಮೇಷ್ಟ್ರೇ, ಆಗ ಒಂದು ಲಾರಿ ರಿವರ್ಸ್ ಬಂತು. ನಿಮ್ಮ ಟ್ರೈಲರ್ ನೆನಪಾಯಿತು. ಪೆಟ್ಟಿಗೆ ಸಮೇತ ಎತ್ತಿ ಕಾರೊಳಗೆ ಇಟ್ಟೆವು. ಬಾಗಿಲು ಹಾಕಿ, ಟೈ ಕತ್ತರಿಸಿ, ಎದೆಪಟ್ಟಿ ತೊಡಿಸಿದೆವು. ಆದರೆ ಅವಳು ಹೊರಗೆ ಬರಲಿಲ್ಲ. ಹಾಸಿದ್ದ ಮಗುವಿನ ಟೀ ಶರ್ಟಿನ ಮೇಲೆ ಮೂಗಿಟ್ಟು ಮಲಗಿದಳು. ತುಮಕೂರು ದಾಟಿದ ಮೇಲೆ ತಲೆ ಹೊರಗೆ ಹಾಕಿದಳು. ಶಿರಾ ಹತ್ತಿರ ಒಂದು ಹೊಂಗೆ ಮರದ ಕೆಳಗೆ ಎರಡು ಹಗ್ಗ ಹಿಡಿದು ಇಳಿಸಿದೆವು. ಅಲ್ಲಿ ಉಚ್ಚೆ ಹೊಯ್ದಳು. ಅಷ್ಟಕ್ಕೇ ನಾವೆಲ್ಲ ಚಪ್ಪಾಳೆ ತಟ್ಟಿದೆವು.

ಮನೆ ಮುಟ್ಟಿದಾಗ ರಾತ್ರಿ ಎಂಟು. ಅವ್ವ ಉಪ್ಪು ಮೆಣಸಿನಕಾಯಿ ಹಿಡಿದು ಬಾಗಿಲಲ್ಲಿ ನಿಂತಿದ್ದಳು. ದೃಷ್ಟಿ ತೆಗೆದು ಒಳಗೆ ಕರೆದಳು. ಊಟದ ವಿಷಯ ಡಾಕ್ಟರ್ ಹೇಳಿದ ಹಾಗೇ ಬಿಡಿಸಿ ಹೇಳಿದ್ದೆ. "ಅದರ ಹೊಟ್ಟೆ ಅದಕ್ಕೆ, ನನ್ನ ಪೂಜೆ ನನಗೆ" ಅಂದಳು. ಡಬ್ಬಿಗೆ ಹಿತ್ತಲಲ್ಲಿ ಜಾಗ ಮಾಡಿಕೊಟ್ಟವಳೂ ಅವ್ವನೇ.

ಈಗ ಮೂರು ದಿನ. ಊಟ ಮಾಡುತ್ತಾಳೆ, ಆದರೆ ಬೀದಿ ನಾಯಿಗಳು ಗೇಟಿನ ಹತ್ತಿರ ಬೊಗಳಿದರೆ ಓಡಿಹೋಗಿ ಪೆಟ್ಟಿಗೆಯೊಳಗೆ ಸೇರಿಕೊಳ್ಳುತ್ತಾಳೆ. ಪಡಸಾಲೆಯಲ್ಲಿ ಜಾಗ ಸಾಲದು ಅಂತ ಯಜಮಾನರು ಪೆಟ್ಟಿಗೆ ಬಿಚ್ಚಿ ಅಟ್ಟಕ್ಕೆ ಹಾಕೋಣ ಅನ್ನುತ್ತಿದ್ದಾರೆ. ಹಾಕಬಹುದಾ?

ಹೊನ್ನಾಳಿ ಪಶುವೈದ್ಯ

ಸದ್ಯಕ್ಕೆ ಬೇಡ ತಾಯಿ. ಈ ಊರಿನಲ್ಲಿ ಅದಕ್ಕೆ ಗೊತ್ತಿರುವ ಜಾಗ ಅದೊಂದೇ. ಬಾಗಿಲು ಮಾತ್ರ ಕಳಚಿಡಿ. ಗೇಟಿನ ಕೆಳಗಿನ ಸಂದಿಗೆ ಒಂದು ಹಲಗೆ ಕಟ್ಟಿಸಿ.

ದುರ್ಗದ ಮೇಷ್ಟ್ರು

ನಮ್ಮದು ಇನ್ನೂ ಇದೆ ಟೀಚರಮ್ಮಾ. ನಮ್ಮ ಬೀಗಲ್ ಈಗಲೂ ದೀಪಾವಳಿ ಪಟಾಕಿಗೆ ಹೆದರಿ ಅದರಲ್ಲೇ ಮಲಗುವುದು.